ಮೊದಲ ಕಚೇರಿ

ಕಚೇರಿ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳಿವೆ. ಒಂದರಲ್ಲಿ ನಾನು ಇಪ್ಪತ್ತೊಂದು ವರ್ಷಗಳಿಂದ ಕಡತಗಳ ನಡುವೆ ಕುಳಿತಿದ್ದೇನೆ. ಇನ್ನೊಂದರಲ್ಲಿ ಕೇಳುಗರ ಸಾಲು ದಾಟಿ ಮುಂದೆ ಹೋದವನಲ್ಲ. ಆದರೂ ಈ ಎರಡನೆಯ ಬಗೆಯ ಕಚೇರಿಯ ಬಗ್ಗೆ, ಅದರಲ್ಲಿಯೂ ಹೊಸದಾಗಿ ಕೂಡಿಕೊಂಡ ಹುಡುಗರ ತಂಡವೊಂದು ಮೊದಮೊದಲು ನಡೆಸಿದ ಕಚೇರಿಗಳ ಬಗ್ಗೆ ಬರೆಯಲು ಹೊರಟಿದ್ದೇನೆ. ಅದಕ್ಕೊಂದು ಸ್ವಂತ ಕಾರಣವಿದೆ. ಅದು ಆಮೇಲೆ. ಮೊದಲು ಚರಿತ್ರೆ.

ಊರು ಮ್ಯಾಂಚೆಸ್ಟರ್. ಆ ಹೆಸರು ನಮಗೆ ಹೊಸದಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ಅದಕ್ಕೂ ಬಹಳ ಹಿಂದೆ, 1860ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿಯ ಹತ್ತಿ ಬರುವುದು ನಿಂತಾಗ, ಧಾರವಾಡ ಸೀಮೆಯ ಹತ್ತಿಯನ್ನು ಹಡಗಿಗೇರಿಸಲು ಕಾರವಾರದ ಬಂದರನ್ನು ಅಣಿಗೊಳಿಸಬೇಕೆಂದು ಸರಕಾರದ ಬೆನ್ನು ಹತ್ತಿದವರು ಮ್ಯಾಂಚೆಸ್ಟರಿನ ಗಿರಣಿಯವರೇ. ಆದರೆ 1970ರ ದಶಕದ ಮ್ಯಾಂಚೆಸ್ಟರಿನಲ್ಲಿ ಆ ಸಿರಿ ಉಳಿದಿರಲಿಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿ, ಕೆಂಪು ಇಟ್ಟಿಗೆಯ ಕಟ್ಟಡಗಳು ಮಸಿ ಹಿಡಿದು ನಿಂತಿದ್ದವು. ಪರೇಲ್, ಲಾಲ್‌ಬಾಗ್‌ಗಳ ತಣ್ಣಗಾದ ಹೊಗೆಗೊಳವೆಗಳ ಕೆಳಗೆ ನಡೆದಾಡಿದ ಮುಂಬಯಿ ಕನ್ನಡಿಗರಿಗೆ ಆ ನೋಟವನ್ನು ನಾನು ವರ್ಣಿಸಬೇಕಾಗಿಲ್ಲ. 1976ರಲ್ಲಿ ಬ್ರಿಟನ್ನಿನ ನಿರುದ್ಯೋಗಿಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ಅದೇ ವರ್ಷ ಆ ದೇಶದ ಸರಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕಾಗಿ ನಿಂತಿತು.

ಆ ಕಾಲದ ರಾಕ್ ಸಂಗೀತವೋ, ಅರಮನೆಯ ಸಂಗೀತದಂತೆ ಆಗಿಬಿಟ್ಟಿತ್ತು. ಲಾರಿಗಟ್ಟಲೆ ಉಪಕರಣ, ಮುಗಿಯದ ಗಿಟಾರ್ ಆಲಾಪ, ಕ್ರೀಡಾಂಗಣ ತುಂಬುವ ಜನ. ಧ್ವನಿಮುದ್ರಿಕೆಯ ಕಂಪನಿಗಳೆಲ್ಲ ಲಂಡನ್ನಿನಲ್ಲಿ. ಉತ್ತರದ ಗಿರಣಿ ಊರಿನ ಹುಡುಗನೊಬ್ಬ ಗಿಟಾರು ಕೊಂಡು ಮಲಗುವ ಕೋಣೆಯಲ್ಲಿ ನುಡಿಸಬಹುದಿತ್ತು. ಅಲ್ಲಿಂದ ವೇದಿಕೆಗೆ ದಾರಿ ಇರಲಿಲ್ಲ.

ಮ್ಯಾಂಚೆಸ್ಟರಿನ ಪಕ್ಕದಲ್ಲಿಯೇ ಬೋಲ್ಟನ್ ಎಂಬ ಊರಿದೆ. ಅದೂ ನೂಲಿನ ಊರೇ. ಸ್ಯಾಮ್ಯುಯೆಲ್ ಕ್ರಾಂಪ್ಟನ್ 1779ರಲ್ಲಿ ತನ್ನ ಹೆಸರಾಂತ ನೂಲುವ ಯಂತ್ರವನ್ನು ರೂಪಿಸಿದ್ದು ಅಲ್ಲಿ. ಅಲ್ಲಿಯ ತಾಂತ್ರಿಕ ಕಾಲೇಜಿನ ಸೂಚನಾಫಲಕದ ಮೇಲೆ 1975ರ ಕೊನೆಯ ಹೊತ್ತಿಗೆ ಒಂದು ಚೀಟಿ ಕಾಣಿಸಿತು. ನ್ಯೂಯಾರ್ಕಿನ ವೆಲ್ವೆಟ್ ಅಂಡರ್‌ಗ್ರೌಂಡ್ ತಂಡದ ಒಂದು ದೀರ್ಘವಾದ, ಕರ್ಕಶವಾದ ಹಾಡನ್ನು ನುಡಿಸಲು ಜೊತೆಗಾರರು ಬೇಕಾಗಿದ್ದಾರೆ ಎಂಬುದು ಅದರ ಸಾರಾಂಶ. ಚೀಟಿ ಅಂಟಿಸಿದವನು ಹೊವರ್ಡ್ ಟ್ರ್ಯಾಫರ್ಡ್. ಉತ್ತರ ಕೊಟ್ಟವನು ಪೀಟರ್ ಮೆಕ್ನೀಷ್, ಎಲೆಕ್ಟ್ರಾನಿಕ್ಸ್ ಓದುತ್ತಿದ್ದ ಹುಡುಗ. ಮುಂದೆ ಮೊದಲನೆಯವನು ಹೊವರ್ಡ್ ಡಿವೋಟೊ ಎಂದೂ ಎರಡನೆಯವನು ಪೀಟ್ ಷೆಲ್ಲಿ ಎಂದೂ ಹೆಸರು ಬದಲಿಸಿಕೊಂಡರು. ಇಂಗ್ಲಿಷ್ ಎಂ.ಎ. ಮಾಡಿದ ನಾನು ಷೆಲ್ಲಿ ಎಂದೊಡನೆ ಕವಿಯನ್ನು ನೆನೆದು ಪುಲಕಗೊಂಡದ್ದು ಸಹಜ. ಆದರೆ ತಾನು ಹೆಣ್ಣಾಗಿ ಹುಟ್ಟಿದ್ದರೆ ತಂದೆತಾಯಿ ಇಡಬೇಕೆಂದಿದ್ದ ಹೆಸರು ಅದು ಎಂಬುದು ಅವನು ಕೊಟ್ಟ ವಿವರಣೆ.

1976ರ ಫೆಬ್ರವರಿಯಲ್ಲಿ ಇಬ್ಬರೂ ಎನ್‌ಎಂಇ ಎಂಬ ಸಂಗೀತ ವಾರಪತ್ರಿಕೆಯಲ್ಲಿ ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ಎಂಬ ಹೊಸ ತಂಡದ ಬಗ್ಗೆ ಒಂದು ಪುಟ್ಟ ವಿಮರ್ಶೆ ಓದಿದರು. ಓದಿ ಸುಮ್ಮನಿರಲಿಲ್ಲ. ಕಾರೊಂದನ್ನು ಹೊಂದಿಸಿಕೊಂಡು ದಕ್ಷಿಣಕ್ಕೆ ಹೋದರು. ಗೆಳೆಯ ರಿಚರ್ಡ್ ಬೂನ್‌ನನ್ನು ಕೂಡಿಕೊಂಡು ಲಂಡನ್ನಿನ ಸುತ್ತಲಿನ ಎರಡು ಊರುಗಳಲ್ಲಿ ಎರಡು ರಾತ್ರಿ ಆ ತಂಡದ ಕಚೇರಿ ನೋಡಿದರು. ಅವರಿಗೆ ಅಲ್ಲಿ ಕಂಡದ್ದು ಕೌಶಲವಲ್ಲ. ಇಷ್ಟೇ ಬಲ್ಲವರೂ ವೇದಿಕೆ ಏರಬಹುದು ಎಂಬುದು ಕಂಡಿತು. ಅದೇ ದಿನಗಳಲ್ಲಿ ಟೈಮ್ ಔಟ್ ಪತ್ರಿಕೆಯ ಒಂದು ಟಿ.ವಿ. ವಿಮರ್ಶೆಯ ತಲೆಬರಹದಿಂದ ತಮ್ಮ ತಂಡಕ್ಕೂ ಹೆಸರು ಹೆಕ್ಕಿಕೊಂಡರು: ಬಝ್‌ಕಾಕ್ಸ್. ಅದರಲ್ಲಿಯ ಕಾಕ್ ಎಂಬುದು ಉತ್ತರ ಇಂಗ್ಲೆಂಡಿನ ಸಲುಗೆಯ ಸಂಬೋಧನೆ, ನಮ್ಮ ಕರಾವಳಿಯ ‘ಮಾರಾಯಾ’ ಇದ್ದಂತೆ.

ಇಲ್ಲಿ ಒಂದು ಮಾತು. ನಮ್ಮಲ್ಲಿ ರಂಗಪ್ರವೇಶ ಎಂದರೆ ವರ್ಷಗಟ್ಟಲೆ ಅಭ್ಯಾಸದ ನಂತರ, ಗುರುವಿನ ಅಪ್ಪಣೆಯಾದ ಮೇಲೆ, ಗೆಜ್ಜೆಪೂಜೆ ಮುಗಿಸಿ ನಡೆಯುವ ಕಾರ್ಯ. ಕಲಿತಾದ ಮೇಲೆ ವೇದಿಕೆ. ಬೋಲ್ಟನ್ನಿನ ಹುಡುಗರು ಕಲಿಯುವುದಕ್ಕೆಂದೇ ವೇದಿಕೆ ಹುಡುಕಿದರು. ನನ್ನಂಥವನಿಗೆ ಇದು ಸುಲಭವಾಗಿ ಗಂಟಲಿಳಿಯುವ ವಿಚಾರವಲ್ಲ; ಈಗಲೂ ಪೂರ್ತಿ ಇಳಿದಿಲ್ಲ.

ಮೊದಲ ಪ್ರಯತ್ನ 1976ರ ಏಪ್ರಿಲ್ 1ರಂದು. ತಮ್ಮದೇ ಕಾಲೇಜು, ಜವಳಿ ವಿಭಾಗದ ವಿದ್ಯಾರ್ಥಿಗಳ ಸಂತೋಷಕೂಟ. ಡಿವೋಟೊ ಹಾಡುಗಾರ, ಷೆಲ್ಲಿ ಗಿಟಾರು. ಬಾಸ್ ಗಿಟಾರಿಗೂ ಡ್ರಮ್ಮಿಗೂ ಆ ಹೊತ್ತಿಗೆ ಸಿಕ್ಕವರನ್ನು ಜೊತೆಗೂಡಿಸಿಕೊಂಡಿದ್ದರು. ಊಟ, ಕುಡಿತ, ಕುಣಿತಕ್ಕೆಂದು ಬಂದ ಜನ. ಅವರ ಮುಂದೆ ಇವರು ತಮ್ಮ ಗದ್ದಲವನ್ನು ಹರಡಿದರು. ಕೆಲವೇ ಹಾಡುಗಳಾಗಿದ್ದವು, ಅಷ್ಟರಲ್ಲಿ ಸಂಘಟಕರು ವಿದ್ಯುತ್ತಿನ ಪ್ಲಗ್ ಕಿತ್ತರು. ಗಿಟಾರು ಮೂಕವಾಯಿತು, ಕಚೇರಿ ಮುಗಿಯಿತು.

ಬಝ್‌ಕಾಕ್ಸ್ ತಂಡದ ಚರಿತ್ರೆ ಹೀಗೆ ಆರಂಭವಾಗುತ್ತದೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಆನಂತರದ ಎರಡು ತಿಂಗಳಲ್ಲಿ ಅವರು ಮಾಡಿದ ಕೆಲಸ. ಯಾರೂ ಕರೆಯದಿದ್ದರೆ ತಾವೇ ಸಭಾಂಗಣ ಗೊತ್ತುಮಾಡುವುದು ಎಂದು ನಿಶ್ಚಯಿಸಿ, ಸೆಕ್ಸ್ ಪಿಸ್ಟಲ್ಸರನ್ನು ಮ್ಯಾಂಚೆಸ್ಟರಿಗೆ ಕರೆಸಿ, ಅವರಿಗೆ ಮುಂಚೆ ತಾವು ನುಡಿಸುವುದೆಂದು ಲೆಕ್ಕ ಹಾಕಿದರು. ಅದಕ್ಕಾಗಿ ಲೆಸ್ಸರ್ ಫ್ರೀ ಟ್ರೇಡ್ ಹಾಲ್ ಎಂಬ ಸಭಾಂಗಣವನ್ನು 32 ಪೌಂಡ್ ಬಾಡಿಗೆಗೆ ಪಡೆದರು. ಸಂಘಸಂಸ್ಥೆಗಳಲ್ಲಿ ದುಡಿದ ಯಾರಿಗಾದರೂ ಗೊತ್ತು: ಅರ್ಜಿ ನಮೂನೆಗೆ ಸಹಿ ಹಾಕಿದವನ ಹೊಟ್ಟೆಯಲ್ಲಿ ಕಾರ್ಯಕ್ರಮದ ದಿನದವರೆಗೆ ಏನು ನಡೆಯುತ್ತದೆ ಎಂಬುದು. ಅವರಿಬ್ಬರೂ ಆಗಿನ್ನೂ ವಿದ್ಯಾರ್ಥಿಗಳು.

ಆ ಸಭಾಂಗಣದ ನೆಲದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅದು ಸೇಂಟ್ ಪೀಟರ್ಸ್ ಫೀಲ್ಡ್ ಎಂಬ ಬಯಲಾಗಿತ್ತು. 1819ರ ಆಗಸ್ಟ್ 16ರಂದು ಮತದಾನದ ಹಕ್ಕು ಕೇಳಲು ಅಲ್ಲಿ ನೆರೆದ ಅಪಾರ ಜನಸ್ತೋಮದ ಮೇಲೆ ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಕಡಿಮೆಯೆಂದರೂ ಹದಿನೈದು ಜನ ಸತ್ತರು, ನೂರಾರು ಮಂದಿ ಗಾಯಗೊಂಡರು. ಪೀಟರ್‌ಲೂ ಎಂದು ಹೆಸರಾದ ಈ ಹತ್ಯಾಕಾಂಡದ ಸುದ್ದಿ ಇಟಲಿಯಲ್ಲಿದ್ದ ಕವಿ ಷೆಲ್ಲಿಯ ಕಿವಿಗೆ ಬಿದ್ದು, ‘ದ ಮಾಸ್ಕ್ ಆಫ್ ಅನಾರ್ಕಿ’ ಎಂಬ ಕವಿತೆಯಾಯಿತು. ಅದನ್ನು ಅಚ್ಚು ಹಾಕುವ ಧೈರ್ಯ ಆಗ ಯಾರಿಗೂ ಆಗಲಿಲ್ಲ. ಅಚ್ಚಾಗುವ ಹೊತ್ತಿಗೆ 1832, ಕವಿ ಸತ್ತು ಹತ್ತು ವರ್ಷ. ಮುಂದೆ ಅದೇ ಬಯಲಿನಲ್ಲಿ, ಧಾನ್ಯ ಕಾಯ್ದೆಗಳು 1846ರಲ್ಲಿ ರದ್ದಾದ ನೆನಪಿಗೆ ಎದ್ದ ಕಟ್ಟಡ ಫ್ರೀ ಟ್ರೇಡ್ ಹಾಲ್. ಅಲ್ಲಿಯ ದೊಡ್ಡ ಸಭಾಂಗಣದಲ್ಲಿ 1966ರ ಮೇ 17ರಂದು ಬಾಬ್ ಡಿಲನ್ ವಿದ್ಯುತ್ ಗಿಟಾರು ಎತ್ತಿಕೊಂಡಾಗ, ಜಾನಪದದ ನಿಷ್ಠಾವಂತನೊಬ್ಬ ಕತ್ತಲಿನಿಂದ ಅವನನ್ನು ಜುದಾಸ್ ಎಂದು ಕೂಗಿ ಜರೆದ ಕತೆ ಲೋಕಪ್ರಸಿದ್ಧ. ನಮ್ಮ ಹುಡುಗರು ಹಿಡಿದದ್ದು ಅದೇ ಕಟ್ಟಡದ ಮಹಡಿಯ ಮೇಲಿನ ಪುಟ್ಟ ಸಭಾಂಗಣ.

1976ರ ಜೂನ್ 4, ಶುಕ್ರವಾರ. ಟಿಕೆಟ್ 50 ಪೆನ್ಸ್. ಆದರೆ ದಿನ ಬಂದಾಗ ಬಝ್‌ಕಾಕ್ಸ್ ಸಿದ್ಧವಾಗಿರಲಿಲ್ಲ. ಬಾಸಿನವನಿಲ್ಲ, ಡ್ರಮ್ಮಿನವನಿಲ್ಲ. ಅವರ ಜಾಗದಲ್ಲಿ ಸಾಲ್‌ಸ್ಟಿಸ್ ಎಂಬ ಬೇರೊಂದು ಸ್ಥಳೀಯ ತಂಡ ನುಡಿಸಿತು. ತಾನೇ ಏರ್ಪಡಿಸಿದ ಕಚೇರಿಯಲ್ಲಿ ಷೆಲ್ಲಿ ಬಾಗಿಲ ಬಳಿ ಕುಳಿತು ಟಿಕೆಟ್ ಹಣ ಎಣಿಸಿದ. ಪಿಸ್ಟಲ್ಸರ ವ್ಯವಸ್ಥಾಪಕ ಮಾಲ್ಕಮ್ ಮೆಕ್ಲಾರೆನ್ ಬೀದಿಯಲ್ಲಿ ನಿಂತು, ಹೋಗುವವರನ್ನು ಒಳಗೆ ಕರೆಯುತ್ತಿದ್ದ. ಬಾಗಿಲ ಬಳಿ ಇನ್ಯಾರನ್ನೋ ಕಾಯುತ್ತ ನಿಂತಿದ್ದ ಸ್ಟೀವ್ ಡಿಗಲ್ ಎಂಬ ಹುಡುಗನನ್ನು, ಬಝ್‌ಕಾಕ್ಸ್‌ನವರು ನಿರೀಕ್ಷಿಸುತ್ತಿದ್ದ ಬಾಸ್ ವಾದಕ ಇವನೇ ಎಂದು ತಪ್ಪು ತಿಳಿದು ಅವರ ಬಳಿ ಕರೆದೊಯ್ದವನೂ ಅವನೇ. ಆ ತಪ್ಪು ಸರಿಯಾಗಿಯೇ ಆಯಿತು. ಡಿಗಲ್ ತಂಡ ಸೇರಿದ.

ಎಷ್ಟು ಜನ ಬಂದಿದ್ದರು? ನಲವತ್ತರ ಆಸುಪಾಸು ಎನ್ನುವುದು ಸಾಮಾನ್ಯವಾಗಿ ಒಪ್ಪಿಕೊಂಡ ಲೆಕ್ಕ. ಆದರೆ ತಾವು ಅಲ್ಲಿದ್ದೆವೆಂದು ಆನಂತರ ಹೇಳಿಕೊಂಡವರು ದೊಡ್ಡ ಸಭಾಂಗಣವನ್ನೂ ತುಂಬಿಸಿ ಹೊರಗೆ ನಿಲ್ಲುವಷ್ಟು. ಡೇವಿಡ್ ನೋಲನ್ ಎಂಬ ಪತ್ರಕರ್ತ ಈ ಒಂದು ಸಂಜೆಯ ಮೇಲೆ ಒಂದು ಪುಸ್ತಕವನ್ನೇ ಬರೆದ. ಹೆಸರಿನಲ್ಲಿಯೇ ಚುಚ್ಚುಮಾತು: ‘ಆಣೆ ಮಾಡಿ ಹೇಳುತ್ತೇನೆ, ನಾನು ಅಲ್ಲಿದ್ದೆ’ ಎಂಬ ಅರ್ಥ ಬರುವಂಥದ್ದು. ನಿಜವಾಗಿ ಇದ್ದವರಲ್ಲಿ ಪೀಟರ್ ಹುಕ್ ಮತ್ತು ಬರ್ನಾರ್ಡ್ ಸಮ್ನರ್ ಎಂಬ ಗೆಳೆಯರು ಒಬ್ಬರು ಇನ್ನೊಬ್ಬರಿಗೆ ಸಾಕ್ಷಿ. ಹುಕ್ ಮರುದಿನವೇ ಒಂದು ಬಾಸ್ ಗಿಟಾರು ಕೊಂಡ; ಆ ಇಬ್ಬರಿಂದ ಮುಂದೆ ಜಾಯ್ ಡಿವಿಷನ್, ಅದರ ಬಳಿಕ ನ್ಯೂ ಆರ್ಡರ್ ಹುಟ್ಟಿದವು. ಮುಂದೆ ದ ಸ್ಮಿತ್ಸ್ ತಂಡದಿಂದ ಹೆಸರಾದ ಮೊರಿಸ್ಸಿ ಇದ್ದ. ಅವನಂತೂ ತನ್ನ ಅಭಿಪ್ರಾಯವನ್ನು ಪತ್ರಿಕೆಗೆ ಕಾಗದ ಬರೆದೇ ದಾಖಲಿಸಿದ. ಗ್ರಾನಡಾ ಟಿ.ವಿ.ಯ ಟೋನಿ ವಿಲ್ಸನ್ ತಾನೂ ಇದ್ದೆನೆಂದು ಕೊನೆಯವರೆಗೂ ಹೇಳುತ್ತಿದ್ದ. ಅವನು ಬಂದದ್ದು ಎರಡನೆಯ ಕಚೇರಿಗೆ ಎನ್ನುವವರೂ ಇದ್ದಾರೆ.

ಜೂನ್ 4ರ ಸಂಜೆಗೆ ಇಷ್ಟು ಮಂದಿ ಹಕ್ಕುದಾರರು. ಏಪ್ರಿಲ್ 1ರ ಸಂಜೆಗೆ? ಬೋಲ್ಟನ್ನಿನಲ್ಲಿ ಪ್ಲಗ್ ಕಿತ್ತವನ ಹೆಸರು ನಾನು ಓದಿದ ಪುಟಗಳಲ್ಲಿ ಎಲ್ಲಿಯೂ ಸಿಗಲಿಲ್ಲ. ಅದು ನಾನು ಎಂದು ಹೇಳಿಕೊಂಡವನನ್ನೂ ಕಾಣೆ. ಅವನ ಬಗ್ಗೆ ನನಗೆ ವಿಶೇಷ ಕುತೂಹಲ. ಬಹುಶಃ ಒಳ್ಳೆಯ ಮನುಷ್ಯನೇ. ಊಟ ತಣ್ಣಗಾಗುತ್ತಿರಬೇಕು, ಮುಂದಿನ ಕಾರ್ಯಕ್ರಮ ಕಾಯುತ್ತಿರಬೇಕು, ಯಾರೋ ಹಿರಿಯರು ಬಂದು ಕಿವಿಯಲ್ಲಿ ಏನೋ ಹೇಳಿರಬೇಕು. ಇದನ್ನೆಲ್ಲ ನಾನು ಊಹಿಸಬಲ್ಲೆ, ಏಕೆಂದರೆ ಹೋದ ವರ್ಷ ಅದೇ ಕೆಲಸವನ್ನು ನಾನು ಮಾಡಿದ್ದೇನೆ.

ನಮ್ಮ ಬಡಾವಣೆಯ ಕನ್ನಡ ಸಂಘದ ರಾಜ್ಯೋತ್ಸವ. ನವೆಂಬರಿನಲ್ಲಿ ಸಭಾಂಗಣ ಸಿಗದೆ ಡಿಸೆಂಬರಿನ ಎರಡನೆಯ ಭಾನುವಾರ ನಡೆಯಿತು, ಹೊರನಾಡಿನಲ್ಲಿ ಎಂದಿನಂತೆ. ನಾನು ಕಾರ್ಯಕ್ರಮದ ಸಂಚಾಲಕ. ಸದಸ್ಯರ ಮಕ್ಕಳು ಐವರು, ನಾಲ್ಕು ಹುಡುಗರು ಒಬ್ಬ ಹುಡುಗಿ, ಬ್ಯಾಂಡ್ ಕಟ್ಟಿಕೊಂಡಿದ್ದೇವೆ, ತಾವೇ ಬರೆದ ಕನ್ನಡ ಹಾಡುಗಳಿವೆ, ಇಪ್ಪತ್ತು ನಿಮಿಷ ಕೊಡಿ ಎಂದು ಕೇಳಿದ್ದರು. ಕೊಟ್ಟೆವು. ಮಕ್ಕಳ ನೃತ್ಯಕ್ಕೂ ಸನ್ಮಾನಕ್ಕೂ ನಡುವೆ. ವಾದ್ಯಗಳ ತಂತಿ ಜೋಡಿಸುವುದರಲ್ಲಿಯೇ ಹತ್ತು ನಿಮಿಷ ಹೋಯಿತು. ಮೊದಲ ಹಾಡಿಗೆ ಮೈಕು ಕೀರಿತು. ಎರಡನೆಯದಕ್ಕೆ ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಂಡರು. ಮೂರನೆಯದರ ಹೊತ್ತಿಗೆ ಊರಿನಿಂದ ಬಂದಿದ್ದ ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಂಡರು. ಅಧ್ಯಕ್ಷರು ನನ್ನನ್ನು ನೋಡಿದರು. ನಾನು ಮೈಕಿನವನಿಗೆ ಕೈಸನ್ನೆ ಮಾಡಿದೆ. ಅವನು ಗುಂಡಿ ಒತ್ತಿದ. ಡ್ರಮ್ಮಿನ ಹುಡುಗ ಅರಿವಾಗದೆ ಇನ್ನೂ ನಾಲ್ಕು ಏಟು ಬಾರಿಸಿದ. ನಾನು ನಿರೂಪಕಿಯ ಮೈಕು ತೆಗೆದುಕೊಂಡು, ಯುವ ಪ್ರತಿಭೆಗಳಿಗೆ ಜೋರಾದ ಚಪ್ಪಾಳೆ ಇರಲಿ ಎಂದೆ.

“ಅಂಕಲ್, ಇನ್ನೊಂದೇ ಹಾಡಿತ್ತು” ಎಂದಳು ಆ ಹುಡುಗಿ, ಕೆಳಗಿಳಿಯುವಾಗ. ಸಿಟ್ಟಿನಿಂದಲ್ಲ.

“ಮುಂದಿನ ವರ್ಷ ನೋಡೋಣಮ್ಮ” ಎಂದೆ.

ಸಭಾಂಗಣ ಖಾಲಿ ಮಾಡುವಾಗ ವೇದಿಕೆಯ ಮೇಲೆ ಆ ನಾಲ್ಕನೆಯ ಹಾಡಿನ ಹಾಳೆ ಸಿಕ್ಕಿತು. ಹಾಡು ಕನ್ನಡದ್ದು, ಅಕ್ಷರ ದೇವನಾಗರಿ. ಈ ಮಕ್ಕಳಿಗೆ ನಾವು ಮನೆಯಲ್ಲಿ ಮಾತು ಕೊಟ್ಟಿದ್ದೇವೆ, ಲಿಪಿ ಕೊಟ್ಟಿಲ್ಲ. ಫೋನಿನಲ್ಲಿ ಮಾತಾಡುವ ಅಜ್ಜಿಗೆ ತನ್ನ ಕನ್ನಡ ಅರ್ಥವಾಗುವುದೋ ಇಲ್ಲವೋ ಎಂಬ ಅಳುಕು ಆ ಹಾಡಿನ ವಸ್ತು. ಅಲ್ಪಪ್ರಾಣ ಮಹಾಪ್ರಾಣಗಳು ಅಲ್ಲಲ್ಲಿ ತಪ್ಪಿದ್ದವು. ಹಾಳೆಯನ್ನು ಬಾಡಿಗೆ ರಸೀದಿಗಳ ಕಡತದಲ್ಲಿ ಇಟ್ಟೆ, ಹಿಂದಿರುಗಿಸಲು ಮುಖವಾಗಲಿಲ್ಲ. ಆಮೇಲೆಯೇ ಇಂಥ ತಂಡಗಳ ಮೊದಲ ಕಚೇರಿಗಳ ಬಗ್ಗೆ ಓದತೊಡಗಿದ್ದು.

ಮ್ಯಾಂಚೆಸ್ಟರಿಗೆ ಮರಳುತ್ತೇನೆ. ಆರು ವಾರಗಳ ನಂತರ, ಜುಲೈ 20ರ ಮಂಗಳವಾರ, ಅದೇ ಪುಟ್ಟ ಸಭಾಂಗಣ. ಮತ್ತೆ ಸೆಕ್ಸ್ ಪಿಸ್ಟಲ್ಸ್. ಜೊತೆಗೆ ಸ್ಲಾಟರ್ ಅಂಡ್ ದ ಡಾಗ್ಸ್ ಎಂಬ ಮ್ಯಾಂಚೆಸ್ಟರಿನ ತಂಡ. ಮತ್ತು ಈ ಸಲ ಬಝ್‌ಕಾಕ್ಸ್. ಡಿಗಲ್‌ನ ಕೈಯಲ್ಲಿ ಬಾಸ್. ಡ್ರಮ್ಮಿಗೆ ಜಾನ್ ಮಾಹರ್, ಹದಿನಾರು ವರ್ಷದವನು. ಷೆಲ್ಲಿ ಆ ದಿನಗಳಲ್ಲಿ ನುಡಿಸುತ್ತಿದ್ದದ್ದು ಮೇಲ್ಭಾಗ ಮುರಿದುಹೋದ ಅಗ್ಗದ ಗಿಟಾರು. ಈ ಸಲ ಯಾರೂ ಪ್ಲಗ್ ಕೀಳಲಿಲ್ಲ, ಸಭಾಂಗಣ ಅವರದ್ದೇ. ಮೊದಲ ಸಲಕ್ಕಿಂತ ಬಹಳ ಹೆಚ್ಚು ಜನ ಬಂದಿದ್ದರು. ಪಿಸ್ಟಲ್ಸ್ ತಮ್ಮ ‘ಅನಾರ್ಕಿ ಇನ್ ದ ಯುಕೆ’ ಹಾಡನ್ನು ಮೊದಲ ಬಾರಿಗೆ ಸಾರ್ವಜನಿಕರ ಮುಂದೆ ಹಾಡಿದ್ದು ಅಂದೇ ಎನ್ನುತ್ತಾರೆ. ಕವಿ ಷೆಲ್ಲಿಯ ಅನಾರ್ಕಿಗೂ ಇದಕ್ಕೂ ಏನೂ ಸಂಬಂಧವಿಲ್ಲ. ಅಲ್ಲಿ ಅದು ಆಳುವವರ ಮುಖವಾಡ, ಇಲ್ಲಿ ಹುಡುಗರ ಕೂಗು. ಆದರೂ ನೆಲ ಒಂದೇ. ಇಂಗ್ಲಿಷ್ ಎಂ.ಎ.ಯ ಚಪಲ, ಓದುಗರು ಮನ್ನಿಸಬೇಕು.

ಮುಂದಿನದು ಬೇಗ ನಡೆಯಿತು. ಸೆಪ್ಟೆಂಬರಿನಲ್ಲಿ ಲಂಡನ್ನಿನ 100 ಕ್ಲಬ್ಬಿನ ಪಂಕ್ ಉತ್ಸವದಲ್ಲಿ ನುಡಿಸಿದರು. ಡಿಸೆಂಬರ್ 28ರಂದು ಮನೆಯವರಿಂದ, ಗೆಳೆಯರಿಂದ ಕಡ ತಂದ ಸುಮಾರು 500 ಪೌಂಡಿನ ಬಲದಿಂದ ಮ್ಯಾಂಚೆಸ್ಟರಿನ ಇಂಡಿಗೊ ಸ್ಟುಡಿಯೊದಲ್ಲಿ ನಾಲ್ಕು ಹಾಡು ಮುದ್ರಿಸಿಕೊಂಡರು, ಕೆಲವೇ ಗಂಟೆಗಳಲ್ಲಿ. ಮುದ್ರಣ ನೋಡಿಕೊಂಡವನು ಮಾರ್ಟಿನ್ ಹ್ಯಾನೆಟ್. ಯಾವ ಕಂಪನಿಯ ಬಾಗಿಲನ್ನೂ ಕಾಯದೆ ನ್ಯೂ ಹಾರ್ಮೋನ್ಸ್ ಎಂದು ತಮ್ಮದೇ ಹೆಸರಿಟ್ಟುಕೊಂಡು, 1977ರ ಜನವರಿ 29ರಂದು ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ಮುದ್ರಿಕೆಯನ್ನು ಹೊರತಂದರು. ಮೊದಲು ಹಾಕಿಸಿದ್ದು 1000 ಪ್ರತಿ. ಖರ್ಚಾಗುತ್ತ ಹೋಗಿ ಒಟ್ಟು ಸುಮಾರು 16,000 ಆಯಿತು. ಯಾವ ಹಾಡು ಎಷ್ಟನೆಯ ಪ್ರಯತ್ನದಲ್ಲಿ ಸಿದ್ಧವಾಯಿತು ಎಂಬುದನ್ನೂ ಹೊದಿಕೆಯ ಮೇಲೆ ಅಚ್ಚು ಹಾಕಿಸಿದ್ದರು. ಲೆಕ್ಕಪತ್ರ ತೆರೆದಿಟ್ಟಂತೆ. ನೋಡಿದವರಿಗೆ, ಇಷ್ಟೇನಾ, ನಾವೂ ಮಾಡಬಹುದಲ್ಲ ಎನಿಸಲೆಂದು.

ಇಂದು ಇಂಡಿ ಎಂದು ಕರೆಸಿಕೊಳ್ಳುವ ಸಂಗೀತದ ಬೇರು ಇಲ್ಲಿದೆ. ಇಂಡಿಪೆಂಡೆಂಟ್ ಎಂಬುದರ ಮೊಟಕು ರೂಪ ಅದು. ಮೂಲದಲ್ಲಿ ಅದೊಂದು ರಾಗವೋ ಶೈಲಿಯೋ ಅಲ್ಲ, ಖರ್ಚನ್ನು ಯಾರು ಹೊತ್ತರು ಎಂಬ ಸಂಗತಿ. ಸ್ವಂತ ದುಡ್ಡಿನ ಮುದ್ರಿಕೆ ಜಗತ್ತಿನಲ್ಲಿ ಇದೇ ಮೊದಲೇನಲ್ಲ. ಆಸ್ಟ್ರೇಲಿಯದ ಬ್ರಿಸ್ಬೇನಿನ ದ ಸೇಂಟ್ಸ್ ಎಂಬ ತಂಡ 1976ರಲ್ಲಿಯೇ ಅದನ್ನು ಮಾಡಿತ್ತು. ಆದರೆ ಬ್ರಿಟನ್ನಿನ ಸಣ್ಣ ಊರುಗಳ ಹುಡುಗರು ಕಣ್ಣೆದುರು ಇಟ್ಟುಕೊಂಡದ್ದು ಸ್ಪೈರಲ್ ಸ್ಕ್ರ್ಯಾಚನ್ನೇ. ವಿಚಿತ್ರವೆಂದರೆ ಅದು ಹೊರಬಂದ ಕೂಡಲೇ ಡಿವೋಟೊ ತಂಡ ಬಿಟ್ಟ. ಹಾಡುವ ಹೊಣೆ ಷೆಲ್ಲಿಯ ಪಾಲಿಗೆ ಬಂತು. ಆ ವರ್ಷವೇ ಅವರು ದೊಡ್ಡ ಕಂಪನಿಯೊಂದಕ್ಕೆ ಸಹಿ ಹಾಕಿದರು, ಜನಪ್ರಿಯರಾದರು, ಒಡೆದರು, ಮತ್ತೆ ಕೂಡಿದರು; ಷೆಲ್ಲಿ 2018ರ ಡಿಸೆಂಬರಿನಲ್ಲಿ ಎಸ್ಟೋನಿಯದಲ್ಲಿ ತೀರಿಕೊಂಡ. ಆ ಕತೆ ನನಗೆ ಇಲ್ಲಿ ಬೇಡ.

ನನಗೆ ಬೇಕಾದದ್ದು 1977ರ ಮೇ 29ರ ರಾತ್ರಿ, ಮ್ಯಾಂಚೆಸ್ಟರಿನ ಎಲೆಕ್ಟ್ರಿಕ್ ಸರ್ಕಸ್ ಎಂಬ ಹಳೆಯ ರಂಗಶಾಲೆ. ಆ ದಿನ ಮುಖ್ಯ ಕಚೇರಿ ಬಝ್‌ಕಾಕ್ಸ್‌ನವರದು. ಅವರಿಗಿಂತ ಮುಂಚೆ, ಇನ್ನೂ ಹೆಸರೇ ಗಟ್ಟಿಯಾಗದ ಒಂದು ತಂಡಕ್ಕೆ ಜಾಗ ಕೊಟ್ಟಿದ್ದರು. ಬಝ್‌ಕಾಕ್ಸ್‌ನ ವ್ಯವಸ್ಥಾಪಕನಾಗಿದ್ದ ಅದೇ ರಿಚರ್ಡ್ ಬೂನ್ ಆ ಹುಡುಗರಿಗೆ ಸ್ಟಿಫ್ ಕಿಟನ್ಸ್ ಎಂದು ಹೆಸರು ಸೂಚಿಸಿ, ಪ್ರಚಾರದಲ್ಲಿಯೂ ಹಾಗೆಯೇ ಹಾಕಿಸಿದ್ದ. ಅವರು ಒಪ್ಪದೆ ವಾರ್ಸಾ ಎಂದು ಕರೆದುಕೊಂಡು ವೇದಿಕೆ ಏರಿದರು. ಬಾಸ್ ಹಿಡಿದವನು ಹುಕ್, ಗಿಟಾರು ಸಮ್ನರ್. ಹಾಡಿದವನು ಇಯಾನ್ ಕರ್ಟಿಸ್. ಅದು ಅವರ ಮೊದಲ ಕಚೇರಿ. ಅವರೇ ಜಾಯ್ ಡಿವಿಷನ್ ಆದವರು. ಹದಿನಾಲ್ಕು ತಿಂಗಳ ಹಿಂದೆ ಒಂದು ಸಂತೋಷಕೂಟದಿಂದ ಸದ್ದಡಗಿಸಿ ಇಳಿಸಲ್ಪಟ್ಟವರು ಈಗ ಬೇರೆಯವರಿಗೆ ವೇದಿಕೆ ಬಿಟ್ಟುಕೊಡುತ್ತಿದ್ದರು.

ಫ್ರೀ ಟ್ರೇಡ್ ಹಾಲ್ ಈಗ ಹೋಟೆಲ್. ಮುಂಭಾಗದ ಕಲ್ಲಿನ ಕಮಾನುಗಳನ್ನು ಉಳಿಸಿಕೊಂಡಿದ್ದಾರೆ.

ಮೊನ್ನೆ ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಒಂದು ವಿಷಯ ಇಟ್ಟೆ. ರಾಜ್ಯೋತ್ಸವದ ನಡುವೆ ತುರುಕುವುದು ಬೇಡ. ಸಭಾಂಗಣದ ಮೇಲ್ಮಹಡಿಯಲ್ಲಿ ಎಂಬತ್ತು ಕುರ್ಚಿಗಳ ಕೋಣೆಯಿದೆ, ಒಂದು ಶನಿವಾರ ಸಂಜೆಗೆ ಅದನ್ನು ಈ ಮಕ್ಕಳಿಗಾಗಿಯೇ ಹಿಡಿಯೋಣ ಎಂದು. ಖಜಾಂಚಿಗಳು ಬಾಡಿಗೆ ಕೇಳಿ ಹುಬ್ಬೇರಿಸಿದರು. ಯಾರು ಬರುತ್ತಾರೆ ಎಂದು ಅಧ್ಯಕ್ಷರು ಕೇಳಿದರು. ನಲವತ್ತು ಜನ ಎಂದೆ. ಬಾಯಿಗೆ ಬಂದ ಸಂಖ್ಯೆ ಅದು. ಎಲ್ಲಿಂದ ಬಂತೆಂದು ಅವರಿಗೆ ತಿಳಿಯಲಿಲ್ಲ. ಅರ್ಧ ಬಾಡಿಗೆ ಸಂಘದ್ದು, ಅರ್ಧ ಸಂಚಾಲಕರದ್ದು ಎಂದು ತೀರ್ಮಾನವಾಯಿತು.

ಆ ಹುಡುಗಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಹಾಳೆ ನನ್ನ ಬಳಿಯಿದೆ ಎಂಬುದನ್ನೂ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಡ್ರಮ್ಮಿನ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟುಹೋಗಿದ್ದಾನಂತೆ. ಇನ್ನೊಬ್ಬನಿಗೆ ಪರೀಕ್ಷೆ. ಬೇರೆ ಯಾರನ್ನಾದರೂ ಹುಡುಕುತ್ತೇವೆ ಅಂಕಲ್, ಆದರೆ ಅಷ್ಟರಲ್ಲಿ ರೆಡಿ ಆಗುತ್ತೇವೋ ಇಲ್ಲವೋ ಗೊತ್ತಿಲ್ಲ ಎಂದಳು. ಮುಂಗಡ ಆಗಲೇ ಕಟ್ಟಿಯಾಗಿತ್ತು. ಟಿಕೆಟ್ ಮೇಜಿಗೆ ಯಾರಾದರೂ ಬೇಕಾಗುತ್ತದೆ, ಬರುತ್ತೀಯಾ ಎಂದು ಕೇಳಿದೆ. ಬರುತ್ತೇನೆ ಎಂದಳು.